ಕಾಂಡ ಸೀಳಿ ತೋರಿಸಿದವರಿಗೆ

ಮೊನ್ನೆ ಕೊನೆಯ ಸೆಮಿಸ್ಟರಿನ ರಿಸಲ್ಟ್ ಬಂತು. ಪಾಸಾದೆ. ಕಲಬುರಗಿ ಕೃಷಿ ಕಾಲೇಜಿನಲ್ಲಿ ನಾಲ್ಕು ವರ್ಷದ ಬಿ.ಎಸ್ಸಿ. ಕೃಷಿ ಮುಗಿಯಿತು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಫೋನಿನಲ್ಲಿ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಊಟ ಮಾಡಿದೇನವ್ವ?" ಅಂದರು.

ನಾನು ಈ ಓದಿಗೆ ಬಂದದ್ದು ಒಣಗಿದ ಹೊಲದಿಂದ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಜಿಐ ಟ್ಯಾಗ್, ಅಂದರೆ ಅದು ಈ ನೆಲದ್ದೇ ಬೆಳೆ ಅನ್ನುವ ಗುರುತು, ಸಿಕ್ಕಿತು. ಅದೇ ವರ್ಷ ನಮ್ಮ ನಾಲ್ಕು ಎಕರೆ ತೊಗರಿ, ಸರಿಯಾಗಿ ಹೂವು ಕಾಯಾಗುವ ಹೊತ್ತಿಗೆ, ಒಂದೊಂದೇ ಗಿಡ ಬಾಡುತ್ತಾ ಹೋಯಿತು. ಎರೆ ಮಣ್ಣಿನಲ್ಲಿ ಹಸಿ ಇತ್ತು, ಆದರೂ ಗಿಡ ಒಣಗುತ್ತಿತ್ತು. ಅಂಗಡಿಯವರು ಕೊಟ್ಟ ಔಷಧಿಯನ್ನು ಅಪ್ಪ ಮೂರು ಸಲ ಹೊಡೆದರು. ಸಾಲ ಬೆಳೆಯಿತು, ತೊಗರಿ ಉಳಿಯಲಿಲ್ಲ.

ಹಾಗಾಗಿ ಮೊದಲ ನಮಸ್ಕಾರ, ಇಲ್ಲಿನ ಸಂಶೋಧನಾ ಕೇಂದ್ರದ ಹೊಲದಲ್ಲಿ ದುಡಿಯುವ ಕಾಕಾ ಅವರಿಗೆ. ಅಲ್ಲಿ ತೊಗರಿ ಗಿಡವನ್ನು ಬಾಡಿಸುವ ನೆಟೆ ರೋಗವನ್ನು ಬೇಕಂತಲೇ ಉಳಿಸಿಕೊಂಡ ಒಂದು ತುಂಡು ಭೂಮಿ ಇದೆ. ಹೊಸ ತಳಿಗಳನ್ನು ಅದರಲ್ಲಿ ಬಿತ್ತಿ, ಯಾವುದು ತಡೆದುಕೊಳ್ಳುತ್ತದೆ ಅಂತ ನೋಡುತ್ತಾರೆ. ಕಾಕಾ ಬಾಡಿದ ಗಿಡವೊಂದನ್ನು ಕಿತ್ತು, ಕುಡುಗೋಲಿನಿಂದ ಕಾಂಡ ಉದ್ದಕ್ಕೆ ಸೀಳಿ ನನ್ನ ಕೈಗಿಟ್ಟರು. ತೊಗಟೆಯ ಒಳಗೆ, ಬೇರಿನಿಂದ ಮೇಲಕ್ಕೆ, ಕಪ್ಪು ಗೆರೆಗಳು. ನೀರು ಏರುವ ದಾರಿಯೇ ಕಟ್ಟಿಹೋಗಿತ್ತು. "ಇದು ಮಣ್ಣಾಗ ಇರ್ತದ ತಂಗಿ, ಮ್ಯಾಲ ಹೊಡದ್ರ ಏನ್ ಬಂತು?" ಅಂದರು. ಅದು ಫ್ಯುಸೇರಿಯಂ ಉಡಂ ಎಂಬ ಶಿಲೀಂಧ್ರ ಅಂತ ಕ್ಲಾಸಿನಲ್ಲಿ ಕಲಿತೆ. ಆದರೆ ಅಪ್ಪನ ಹೊಲದಲ್ಲಿ ಏನಾಗಿತ್ತು ಅಂತ ತಿಳಿದದ್ದು ಅವತ್ತು, ಆ ಸೀಳಿದ ಕಾಂಡ ನೋಡಿದಾಗ. ಅವತ್ತು ಹಾಸ್ಟೆಲಿಗೆ ಬಂದು ತುಂಬಾ ಅತ್ತೆ.

ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಮೊದಲ ವರ್ಷ ಬಹಳ ಕಷ್ಟವಾಯಿತು. ಒಂದು ವಿಷಯದಲ್ಲಿ ಫೇಲಾದೆ. ಆಗ ಒಬ್ಬ ಮೇಡಂ ಸಂಜೆ ಹೊತ್ತು ಕೂಡಿಸಿಕೊಂಡು ಪಾಠವನ್ನೆಲ್ಲ ಕನ್ನಡದಲ್ಲಿ ಹೇಳಿಕೊಟ್ಟರು. ಇಡೀ ಸೆಮಿಸ್ಟರ್ ಹೇಳಿಕೊಟ್ಟರು. ಮೇಡಂ, ನೀವಿಲ್ಲದಿದ್ದರೆ ನಾನು ಅಲ್ಲೇ ಬಿಟ್ಟುಬರುತ್ತಿದ್ದೆ.

ಬೀದರಿನ ತೋಟಗಾರಿಕೆ ಕಾಲೇಜಿನಲ್ಲಿ ಓದುತ್ತಿದ್ದ ನನ್ನ ಗೆಳತಿಗೂ ಹೇಳಬೇಕು. ನಾನು ಕಟ್ಟಿದ ಮಾವಿನ ಕಸಿ ಹತ್ತಕ್ಕೆ ಹತ್ತೂ ಒಣಗಿದ್ದವು. ವಿಡಿಯೋ ಕಾಲಿನಲ್ಲಿ ನನ್ನ ಕೈ ನೋಡಿ, "ಚಾಕು ಒಂದೇ ಸಲ ಎಳಿ. ಕಡ್ಡಿ ತೊಗಟೆ, ಗಿಡದ ತೊಗಟೆ ಒಂದು ಕಡೆಯಾದರೂ ಕೂಡಬೇಕು" ಅಂದಳು. ಅಷ್ಟೇ. ಮುಂದಿನ ಸಲ ಆರು ಚಿಗುರಿದವು. ಆ ಮೊದಲ ಕೆಂಪು ಚಿಗುರಿನ ಫೋಟೋ ಇನ್ನೂ ಫೋನಿನಲ್ಲಿದೆ.

ಅವ್ವ ಪ್ರತಿ ಸೋಮವಾರ ನಸುಕಿನಲ್ಲೇ ಎದ್ದು ಜೋಳದ ರೊಟ್ಟಿ ಬಡಿದು, ಶೇಂಗಾ ಹಿಂಡಿ ಕಟ್ಟಿ ನಮ್ಮೂರ ಬಸ್ಸಿಗೆ ಇಟ್ಟು ಕಳಿಸುತ್ತಿದ್ದಳು. ನಾಲ್ಕು ವರ್ಷ ಆ ಗಂಟನ್ನು ನನ್ನ ಕೈಗೆ ತಲುಪಿಸಿದ ಕಂಡಕ್ಟರ್ ಅಣ್ಣಂದಿರೇ, ನಿಮ್ಮ ಋಣ ದೊಡ್ಡದು. ಒಮ್ಮೆಯೂ ಗಂಟು ತಪ್ಪಲಿಲ್ಲ.

ಕೊನೆಯ ವರ್ಷ ಹಳ್ಳಿಯಲ್ಲಿದ್ದು ಕಲಿಯಬೇಕಿತ್ತು. ಆಳಂದ ಕಡೆಯ ಆ ಊರಿನವರು ನಮ್ಮನ್ನು ಮನೆ ಮಕ್ಕಳಂತೆ ನೋಡಿಕೊಂಡರು. ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ, ಅಂದರೆ ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರದ ಪುಡಿ, ಹಚ್ಚಿ ಅಂತ ನಾನು ಹೇಳುತ್ತಿದ್ದರೆ, ಒಬ್ಬ ಅಜ್ಜಿ ಎದ್ದು ಬಂದು ಬೀಜದ ಬುಟ್ಟಿಯನ್ನೇ ಮುಂದಿಟ್ಟಳು. "ಮಾಡಿ ತೋರ್ಸು" ಅಂದಳು. ತೋರಿಸಿದೆ. ಅಂಥ ಪರೀಕ್ಷೆಯನ್ನು ಯಾವ ಎಕ್ಸಾಮ್ ಹಾಲ್‌ನಲ್ಲೂ ಬರೆದಿಲ್ಲ.

ಹೋದ ಮುಂಗಾರಿನಲ್ಲಿ ಅಪ್ಪ ನನ್ನ ಮಾತು ಕೇಳಿ, ನೆಟೆ ತಡೆಯುವ ಟಿಎಸ್-3ಆರ್ ತಳಿಯ ತೊಗರಿ ಬೀಜಕ್ಕೆ ಟ್ರೈಕೋಡರ್ಮಾ ಹಚ್ಚಿ ಬಿತ್ತಿದರು. ಎಳ್ಳ ಅಮಾವಾಸ್ಯೆಗೆ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಎಲ್ಲರೂ ಹೊಲಕ್ಕೆ ಹೋದೆವು. ಭಜ್ಜಿ, ಸಜ್ಜೆ ರೊಟ್ಟಿ ಉಂಡ ಮೇಲೆ ಅಪ್ಪ ಸುಮ್ನೆ ಎದ್ದು ಹೋಗಿ, ಕಾಯಿ ತುಂಬಿದ ಒಂದು ಗಿಡ ಕಿತ್ತು ತಂದರು. ಕುಡುಗೋಲಿನಿಂದ ಕಾಂಡ ಸೀಳಿ ನನ್ನ ಮುಂದೆ ಹಿಡಿದರು.

ಒಳಗೆಲ್ಲ ಬೆಳ್ಳಗಿತ್ತು.