ಮಾಲ್ಡೀವ್ಸ್ ಅಂದರೆ ಬರೀ ರೆಸಾರ್ಟ್ ಅಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಮಾಲ್ಡೀವ್ಸ್ ಪ್ರವಾಸದ ಲೇಖನವನ್ನು ಫೋನಿನಲ್ಲಿ ಓದಿದೆ. ಫೋಟೋ ಚೆನ್ನಾಗಿದ್ದವು. ಆದರೆ ಅಲ್ಲಿ ಸ್ಥಳೀಯ ಊಟ ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ ಎಂಬ ಅರ್ಥದ ಮಾತು ಬಂತಲ್ಲ, ಅದಕ್ಕೇ ಈ ಪತ್ರ. ಲೇಖಕರ ತಪ್ಪು ಅಂತಲೂ ಹೇಳುವುದಿಲ್ಲ. ಇಲ್ಲಿ ಒಂದು ರೆಸಾರ್ಟಿಗೆ ಒಂದು ಇಡೀ ದ್ವೀಪ, ಅಲ್ಲಿ ಊರವರ ಮನೆ ಇರುವುದಿಲ್ಲ. ವಿಮಾನ ಇಳಿದು ಸೀದಾ ಸ್ಪೀಡ್ ಬೋಟ್ ಹತ್ತಿ, ನಾಲ್ಕು ದಿನ ಇದ್ದು ಹಾಗೇ ವಾಪಸ್ ಹೋದರೆ ಈ ದೇಶದ ಒಂದು ಅಡುಗೆಮನೆಯೂ ಕಣ್ಣಿಗೆ ಬೀಳುವುದಿಲ್ಲ.

ನಾನು ಕುಂದಾಪುರ ಕಡೆಯವಳು. ಫುವಮುಲಾ ಎಂಬ ದ್ವೀಪದ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ, ಆರು ವರ್ಷ ಆಯಿತು. ರಾಜಧಾನಿ ಮಾಲೆಯಿಂದ ಸುಮಾರು 500 ಕಿಲೋಮೀಟರ್ ದಕ್ಷಿಣಕ್ಕೆ, ಸಮಭಾಜಕ ವೃತ್ತ ದಾಟಿದ ಕೂಡಲೇ ಸಿಗುವ ಊರು. ಇಡೀ ಊರು ಐದು ಚದರ ಕಿಲೋಮೀಟರ್ ಆಸುಪಾಸು, ಸ್ಕೂಟರಿನಲ್ಲಿ ಒಂದು ಸುತ್ತು ಹಾಕುವಷ್ಟರಲ್ಲಿ ಮುಗಿಯುತ್ತದೆ.

ಮೊದಲ ಮೂರು ತಿಂಗಳು ನಾನೂ ಅಳುತ್ತಲೇ ಇದ್ದೆ, ಸುಳ್ಳು ಯಾಕೆ ಹೇಳಲಿ. ಕೆಲಸ ಕೊಡಿಸಿದ ಏಜೆಂಟ್ ಅಡುಗೆಮನೆ ಇರುವ ಮನೆ ಅಂದಿದ್ದ. ಬಂದು ನೋಡಿದರೆ ಒಂದು ಕೋಣೆ, ಒಂದು ಎಲೆಕ್ಟ್ರಿಕ್ ಕೆಟಲ್. ಕುಚ್ಚಿಗೆ ಅಕ್ಕಿ ಇಲ್ಲ. ಮೀನು ಅಂದರೆ ದಿನಾ ಟ್ಯೂನಾ. ನಮ್ಮ ಕಡೆ ಬಂಗುಡೆ, ಬೂತಾಯಿ, ಅಂಜಲ್ ತಿಂದು ಬೆಳೆದವರು ಟ್ಯೂನಾವನ್ನು ಅಷ್ಟು ಲೆಕ್ಕಕ್ಕೆ ಇಡುವುದಿಲ್ಲ, ಅಲ್ವಾ? ಇಲ್ಲಿ ಅದೇ ರಾಜ. ಬಲೆ ಬೀಸದೆ, ಕೋಲಿಗೆ ಗಾಳ ಕಟ್ಟಿ ಒಂದೊಂದಾಗಿ ಎಳೆದು ಹಿಡಿಯುತ್ತಾರೆ. ಹಿಡಿಯಲು ಹೋಗುವ ದೋಣಿಗೆ ಇವರೂ ದೋನಿ ಅಂತಲೇ ಹೇಳುವುದು. ಕಬ್ಬಿಣದ ಚೌಕಟ್ಟಿಗೆ ಹಗ್ಗ ಹೆಣೆದ, ಸಂಜೆ ಬೀದಿ ಬದಿಯಲ್ಲಿ ಸಾಲಾಗಿ ಕೂರುವ ಕುರ್ಚಿಗೆ ಜೋಲಿ ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ನಮ್ಮ ಮನೆಯ ತೊಟ್ಟಿಲಿನ ಜೋಲಿ ನೆನಪಾಗಿ ಒಬ್ಬಳೇ ನಕ್ಕೆ.

ನನ್ನನ್ನು ಉಳಿಸಿದವರು ಪಕ್ಕದ ಮನೆಯ ದತ್ತಾ. ದತ್ತಾ ಅಂದರೆ ಅಕ್ಕ. ಒಂದು ಶುಕ್ರವಾರ (ಇಲ್ಲಿ ಶುಕ್ರವಾರ, ಶನಿವಾರ ರಜೆ) ಬೆಳಿಗ್ಗೆ ಕರೆದರು. ಹಿತ್ತಲಲ್ಲಿ ಅವರು ಕೂತಿದ್ದದ್ದು ಹುನಿಗೊಂಡಿಯ ಮೇಲೆ, ಅಂದರೆ ನಮ್ಮ ಹೆರೆಮಣೆ. ತುರಿದ ಕಾಯಿಗೆ ಈರುಳ್ಳಿ, ಹಸಿಮೆಣಸು, ಉಪ್ಪು, ನಿಂಬೆಹುಳಿ ಹಾಕಿ ಕೈಯಲ್ಲೇ ಚೆನ್ನಾಗಿ ಹಿಸುಕಿ, ಬಿಡಿಸಿದ ಟ್ಯೂನಾ ಸೇರಿಸಿ, ಬಿಸಿ ರೊಶಿ, ಅಂದರೆ ತೆಳ್ಳಗಿನ ರೊಟ್ಟಿ, ಜೊತೆಗೆ ಕೊಟ್ಟರು. ಇದು ಮಸ್ ಹುನಿ. ಒಣ ಸೀಗಡಿ ಚಟ್ನಿ ತಿಂದು ಬೆಳೆದ ನಾಲಿಗೆಗೆ ಇದು ಪರದೇಶದ ಊಟ ಹೇಗಾಗುತ್ತದೆ? ನಾಲ್ಕು ರೊಶಿ ತಿಂದೆ.

ಎಲ್ಲವೂ ಹೀಗೆ ಸಲೀಸಾಗಿ ಒಳಗೆ ಹೋಯಿತು ಅಂತಲ್ಲ. ಒಮ್ಮೆ ಯಾರೋ ಬಾಟಲಿಯಲ್ಲಿ ಕಂದು ಬಣ್ಣದ ಗಟ್ಟಿ ದ್ರವ ಕೊಟ್ಟರು. ಥೇಟ್ ಜೋನಿ ಬೆಲ್ಲ. ಖುಷಿಯಿಂದ ದೋಸೆ ಹೊಯ್ದು ಮೇಲೆ ಧಾರಾಳವಾಗಿ ಸುರಿದುಕೊಂಡೆ. ಅದು ರಿಹಾಕುರು. ಟ್ಯೂನಾ ಬೇಯಿಸಿದ ನೀರನ್ನು ಗಂಟೆಗಟ್ಟಲೆ ಕುದಿಸಿ ಬತ್ತಿಸಿ ಮಾಡುವ ಪಾಕ. ಆವತ್ತಿನ ಕಥೆ ಇಷ್ಟೇ ಸಾಕು! ಈಗ ಅನ್ನದ ಜೊತೆ ಚಮಚದ ತುದಿಯಷ್ಟು ಇಲ್ಲದಿದ್ದರೆ ಊಟ ಸಪ್ಪೆ ಅನಿಸುತ್ತದೆ.

ಹಲಸಿನ ಸುದ್ದಿ ಹೇಳಲೇಬೇಕು. ನಮ್ಮ ದೀಗುಜ್ಜೆ ಇಲ್ಲಿ ಬಂಬುಕೆಯೊ, ಅದರ ಚಿಪ್ಸ್ ಅಂಗಡಿ ಅಂಗಡಿಯಲ್ಲಿ ಸಿಗುತ್ತದೆ. ಕನ್ನಡದಲ್ಲಿ ಅದಕ್ಕೆ ದೀವಿಹಲಸು ಅಂತಲೂ ಹೆಸರಿದೆ, ದೀವಿ ಅಂದರೆ ದ್ವೀಪ ತಾನೆ. ಇವರ ಭಾಷೆಯ ಹೆಸರು ದಿವೇಹಿ, ಅಂದರೆ ದ್ವೀಪದವರದು. ಇದನ್ನು ನಾನು ತರಗತಿಯಲ್ಲಿ ಹೇಳಿದಾಗ ಮಕ್ಕಳು ಗಣಿತ ಬಿಟ್ಟು ಅರ್ಧ ಗಂಟೆ ಕನ್ನಡ ಪದ ಕೇಳಿದರು.

ಎಲ್ಲ ಹೊರಗಿಂದಲೇ ಬರುತ್ತದೆ ಅಂತ ಲೇಖನದಲ್ಲಿದ್ದದ್ದು ಬಹುಮಟ್ಟಿಗೆ ನಿಜ. ಇಲ್ಲಿ ಭತ್ತ ಬೆಳೆಯುವುದಿಲ್ಲ. ಅಕ್ಕಿ, ಹಿಟ್ಟು, ಈರುಳ್ಳಿ, ಆಲೂಗಡ್ಡೆ, ಮೊಟ್ಟೆ, ಬೇಳೆ ಭಾರತದಿಂದ ಬರಲು 1981ರ ವ್ಯಾಪಾರ ಒಪ್ಪಂದವೇ ಇದೆ. 2023ರ ಡಿಸೆಂಬರಿನಲ್ಲಿ ಭಾರತ ಈರುಳ್ಳಿ ರಫ್ತು ನಿಲ್ಲಿಸಿದ ಮೇಲೂ ಮಾಲ್ಡೀವ್ಸಿಗೆ ಅಂತ ಪಾಲು ಬಿಟ್ಟುಕೊಟ್ಟಿತು. ಮುಂದಿನ ತಿಂಗಳೇ ಜಾಲತಾಣಗಳಲ್ಲಿ ಮಾಲ್ಡೀವ್ಸ್ ಬಹಿಷ್ಕಾರದ ಗಲಾಟೆ ಎದ್ದಾಗ, ಊರಿಂದ ಅಲ್ಲಿ ನಿನಗೆ ಯಾರಾದರೂ ಏನಾದರೂ ಅಂತಾರಾ ಅಂತ ಫೋನಿನ ಮೇಲೆ ಫೋನು. ದತ್ತಾ ಎಂದಿನಂತೆ ತಟ್ಟೆಯಲ್ಲಿ ಬಜಿಯಾ, ಅಂದರೆ ಮೀನು ತುಂಬಿದ ಸಮೋಸ, ಕಳಿಸಿದ್ದರು, ಅಷ್ಟೇ. ಇನ್ನೊಂದು ತಮಾಷೆ. ಸುತ್ತ ಬರೀ ಮರಳಿರುವ ಈ ದೇಶಕ್ಕೆ ಮನೆ ಕಟ್ಟಲು ಹೊಳೆ ಮರಳೂ ನಮ್ಮಿಂದಲೇ ಬರುತ್ತದೆ!

ಕಷ್ಟ ಇಲ್ಲ ಅಂತಲ್ಲ. ಸಂಬಳ ರುಫಿಯಾದಲ್ಲಿ ಬರುತ್ತದೆ, ಊರಿಗೆ ಕಳಿಸಲು ಡಾಲರ್ ಬೇಕು, ಬ್ಯಾಂಕಿನಲ್ಲಿ ಅದು ಸಿಗುವುದೇ ಪಾಡು. ಇಲ್ಲಿಗೆ ಬರಲು ಹೊರಟವರು ಏಜೆಂಟ್ ತೋರಿಸುವ ಕಡಲಿನ ಫೋಟೋ ನೋಡುವ ಮೊದಲು ಇದನ್ನು ಕೇಳಿ ತಿಳಿದುಕೊಳ್ಳಿ. ಮಳೆಗಾಲದಲ್ಲಿ ಸರಕಿನ ದೋಣಿ ತಡವಾದರೆ ಟೊಮೆಟೊ ಮುಖ ಕಾಣುವುದಿಲ್ಲ. ನಿಮ್ಮ ಪುರವಣಿ ಇಂಥದ್ದನ್ನೂ ಸ್ವಲ್ಪ ಬರೆಯಲಿ. ಮುಂದಿನ ಸಲ ನಿಮ್ಮವರು ಬಂದರೆ ಊರುಗಳಿರುವ ದ್ವೀಪಕ್ಕೂ ಬರಲಿ, ಫುವಮುಲಾದಲ್ಲಿ 2011ರಿಂದ ವಿಮಾನ ನಿಲ್ದಾಣವಿದೆ. ಬರುವಾಗ ಎರಡು ಕಿಲೋ ಕುಚ್ಚಿಗೆ ಅಕ್ಕಿ ತಂದರೆ ಊಟ ನನ್ನದು.

ಈ ದ್ವೀಪ ಕೆಸುವಿನ ಗೆಡ್ಡೆಗೆ ಹೆಸರುವಾಸಿ. ಅಷ್ಟೊಂದು ಎಲೆ ಕಂಡ ಮೇಲೆ ಕುಂದಾಪುರದವಳು ಸುಮ್ನೆ ಇರುತ್ತಾಳಾ? ಹುಳಿ ಜಾಸ್ತಿ ಹಾಕಿ ಪತ್ರೊಡೆ ಮಾಡಿ ದತ್ತಾಗೆ ಕೊಟ್ಟೆ. ಚೆನ್ನಾಗಿದೆ ಮಿಸ್, ಆದರೆ ಮೀನು ಹಾಕಲು ಮರೆತಿರಾ ಅಂದರು. ಮುಂದಿನ ಸಲ ಅವರೇ ಕೂತು ಪ್ರತಿ ಎಲೆಯ ಮೇಲೂ ಟ್ಯೂನಾ ಪುಡಿ ಉದುರಿಸಿದರು. ರುಚಿ ಅದ್ಭುತವಾಗಿತ್ತು.

ನಮ್ಮ ಅಮ್ಮ ನಿಮ್ಮ ಪತ್ರಿಕೆಯನ್ನು ದಿನಾ ಓದುತ್ತಾರೆ. ದಯವಿಟ್ಟು ನನ್ನ ಹೆಸರು ಹಾಕಬೇಡಿ.

— ಒಬ್ಬ ಶಿಕ್ಷಕಿ, ಫುವಮುಲಾ, ಮಾಲ್ಡೀವ್ಸ್