‘ಕ್ವೀನ್’ ಎಂದರೆ ರಾಜನ ಹೆಂಡತಿ ಮಾತ್ರವೇ?

ಮಾನ್ಯ ಸಂಪಾದಕರೇ,

ಮಕ್ಕಳಿಗೆ ಇಂಗ್ಲಿಷ್ ಪದಗಳನ್ನು ಪರಿಚಯಿಸುವ ನಿಮ್ಮ ಅಂಕಣದಲ್ಲಿ ‘ಕ್ವೀನ್’ ಎಂಬುದಕ್ಕೆ ‘ರಾಜನ ಹೆಂಡತಿ’ ಎಂದಷ್ಟೇ ಅರ್ಥ ಕೊಡಲಾಗಿದೆ. ಬೇರೆ ಊರಿನವರಿಗೆ ಇದು ಸಣ್ಣ ವಿಷಯವೆನಿಸಬಹುದು. ಅಬ್ಬಕ್ಕ ಆಳಿದ ಉಳ್ಳಾಲದ ನೆರೆಯಲ್ಲಿರುವ ನಮಗೆ ಹಾಗೆನಿಸದು.

ಆ ಅರ್ಥ ಆಧಾರವಿಲ್ಲದ್ದೇನಲ್ಲ. ಹಳೆಯ ಇಂಗ್ಲಿಷಿನ ‘ಕ್ವೇನ್’ ಎಂದರೆ ಹೆಂಗಸು, ಹೆಂಡತಿ, ಅದರಲ್ಲೂ ಅರಸನ ಹೆಂಡತಿ. ಇದೇ ಬೇರಿನಿಂದ ಗ್ರೀಕಿನಲ್ಲಿ ‘ಗುನೇ’ ಹುಟ್ಟಿತು. ನಮ್ಮ ಆಸ್ಪತ್ರೆಗಳ ಫಲಕಗಳಲ್ಲಿ ಕಾಣುವ ‘ಗೈನಕಾಲಜಿ’ ಬಂದದ್ದು ಅದರಿಂದಲೇ. ಹೆಂಡತಿ ಎಂಬರ್ಥದ ಸಂಸ್ಕೃತದ ‘ಜನಿ’ಯೂ ಅದೇ ಬಳಗದ್ದು. ಆದರೆ 1553ರಲ್ಲಿ ಮೊದಲನೆಯ ಮೇರಿ, 1558ರಲ್ಲಿ ಮೊದಲನೆಯ ಎಲಿಜಬೆತ್ ಸ್ವಂತ ಹಕ್ಕಿನಿಂದ ಇಂಗ್ಲೆಂಡಿನ ಪಟ್ಟವೇರಿದಾಗ ಅವರಿಗೂ ಇದೇ ಹೆಸರು ಸಂದಿತು. ಎರಡನೆಯ ಎಲಿಜಬೆತ್ 1952ರಿಂದ 2022ರವರೆಗೆ ಪಟ್ಟದಲ್ಲಿದ್ದರೂ ಅವರ ಪತಿ ಫಿಲಿಪ್ ರಾಜನೆನಿಸಿಕೊಳ್ಳಲಿಲ್ಲ; ಈಗ ಕ್ಯಾಮಿಲ್ಲಾ ಅವರನ್ನು ‘ಕ್ವೀನ್’ ಎನ್ನುವುದು ಮಾತ್ರ ದೊರೆ ಚಾರ್ಲ್ಸ್ ಅವರ ಪತ್ನಿ ಎಂಬ ಕಾರಣಕ್ಕೆ. ಪದ ಒಂದೇ, ಸ್ಥಾನ ಎರಡು.

ಅಬ್ಬಕ್ಕ ಸ್ವಂತ ಹಕ್ಕಿನಿಂದ ಆಳಿದವರ ಬಗೆಗೆ ಸೇರಿದವಳು. ಚೌಟರ ಮನೆತನದಲ್ಲಿ ಅಳಿಯಕಟ್ಟಿನ ಪ್ರಕಾರ ಹಕ್ಕು ತಾಯಿಯ ಕಡೆಯಿಂದ ಇಳಿಯುತ್ತಿದ್ದುದರಿಂದ, ಬಂಗರ ಅರಸನ ಕೈಹಿಡಿದಿದ್ದಳೆಂಬುದು ಅವಳ ಪಟ್ಟಕ್ಕೆ ಕಾರಣವೇ ಆಗಿರಲಿಲ್ಲ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಮಣೇಲಿನಲ್ಲಿ ಕಂಡು ಬರೆದಿಟ್ಟ ಚಿತ್ರವನ್ನು ಆ ಅಂಕಣದ ಮಕ್ಕಳು ಓದಬೇಕು: ಸೊಂಟಕ್ಕೆ ಸಾದಾ ದಪ್ಪ ಹತ್ತಿಬಟ್ಟೆ, ಬರಿಗಾಲು, ಮೇಲೆ ತಾಳೆಗರಿಯ ಕೊಡೆ, ತಾನೇ ಮಾಡಿಸುತ್ತಿದ್ದ ಅಗೆತದ ಕೆಲಸವನ್ನು ನೋಡಲು ನಡೆದೇ ಹೊರಟಿದ್ದಳು. ಆ ಉಡುಗೆಯಲ್ಲಿ ಅರಸೊತ್ತಿಗೆಯ ಕುರುಹು ಕಾಣದಿದ್ದರೂ ಅವಳ ಮಾತಿನ ಗಾಂಭೀರ್ಯಕ್ಕೆ ಆತ ತಲೆದೂಗಿದ್ದಾನೆ. ಇಂಥವಳನ್ನು ‘ಅರಸನ ಮಡದಿ’ ಎಂಬ ಮಾತಿನಲ್ಲಿ ಅಡಗಿಸಲು ನನಗಂತೂ ಮನಸ್ಸು ಒಪ್ಪುವುದಿಲ್ಲ.

ಆದ್ದರಿಂದ ಮುಂದಿನ ಸಂಚಿಕೆಯಲ್ಲಿ ‘ರಾಜನ ಹೆಂಡತಿ’ ಎಂಬುದರ ಜೊತೆಗೆ ‘ಸ್ವಂತ ಹಕ್ಕಿನಿಂದ ರಾಜ್ಯವಾಳುವ ಹೆಣ್ಣು’ ಎಂಬ ಅರ್ಥವನ್ನೂ ಸೇರಿಸಿ, ಉದಾಹರಣೆಯಾಗಿ ವಿಕ್ಟೋರಿಯಾಳ ಪಕ್ಕದಲ್ಲಿ ಅಬ್ಬಕ್ಕನ ಹೆಸರನ್ನೂ ಅಚ್ಚು ಹಾಕಬೇಕೆಂದು ಕೋರುತ್ತೇನೆ. ಜಿಲ್ಲೆಯ ಅನೇಕ ಶಾಲೆಗಳಲ್ಲಿ ಈ ಅಂಕಣವನ್ನು ಕತ್ತರಿಸಿ ಗೋಡೆಪತ್ರಿಕೆಗೆ ಅಂಟಿಸುತ್ತಾರೆ.

ಇತಿ,
ಓರ್ವ ಓದುಗ,
ತೊಕ್ಕೊಟ್ಟು, ಮಂಗಳೂರು