ಆಲೂಗಡ್ಡೆ ಹುಳ: ಮೋಹಕ ಬಲೆ ಬಿತ್ತನೆ ಹೊತ್ತಿಗೇ ಸಿಗಲಿ

ಮಾನ್ಯ ಸಂಪಾದಕರೇ,

ಮೇ ತಿಂಗಳು ಬಂತೆಂದರೆ ಹಾಸನದ ಎಪಿಎಂಸಿ ಅಂಗಳದಲ್ಲಿ ಪಂಜಾಬಿನ ಬಿತ್ತನೆ ಆಲೂಗಡ್ಡೆ ಬಂದಿಳಿಯುತ್ತದೆ. ಸಾಲಗಾಮೆ, ದುದ್ದ, ಶಾಂತಿಗ್ರಾಮದ ಕಡೆಯ ರೈತರು ಚೀಲ ಬಿಚ್ಚಿಸಿ, ಗೆಡ್ಡೆ ಮುಟ್ಟಿ ನೋಡಿ, ಚೌಕಾಸಿ ಮಾಡಿ ಕೊಳ್ಳುತ್ತಾರೆ. ನಾನೂ ಅವರಲ್ಲಿ ಒಬ್ಬ. ಆ ದಿನಗಳಲ್ಲಿ ನಮ್ಮ ಬಾಯಲ್ಲಿ ಇರುವ ಮಾತು ಎರಡೇ. ಒಂದು ಬಿತ್ತನೆ ಗೆಡ್ಡೆಯ ದರ, ಇನ್ನೊಂದು ಅಂಗಮಾರಿ ರೋಗ. ಅಂಗಮಾರಿಗೆ ಹೆದರಲೇಬೇಕು. ನಮ್ಮ ಕಡೆ ಎಷ್ಟೋ ಮನೆಗಳು ಆಲೂಗಡ್ಡೆ ಬಿಟ್ಟು ಮುಸುಕಿನ ಜೋಳಕ್ಕೆ, ಶುಂಠಿಗೆ ಹೋಗಿದ್ದು ಅದರಿಂದಲೇ. ಆದರೆ ಗೆಡ್ಡೆ ಕೊರಕ ಹುಳದ ಮಾತು ಯಾರೂ ಎತ್ತುವುದಿಲ್ಲ. ಬೆಳೆ ಕೈಗೆ ಬಂತು ಅಂದುಕೊಂಡ ಮೇಲೆ ರಾಶಿಯೊಳಗೆ ಕೂತು ತಿನ್ನುವ ಹುಳ ಅದು. ಅದಕ್ಕಾಗಿ ಈ ಪತ್ರ.

ಕೆಲವು ವರ್ಷಗಳ ಹಿಂದಿನ ಮಾತು. ಆಗಸ್ಟ್ ಕೊನೆಗೆ ಗೆಡ್ಡೆ ಕಿತ್ತೆವು. ಬೆಲೆ ಬಿದ್ದಿತ್ತು. ಎರಡು ಮೂರು ವಾರ ಕಾಯೋಣ ಅಂತ ಬದುವಿನ ಮರದ ಕೆಳಗೆ ರಾಶಿ ಹಾಕಿದೆವು. ಬಿಸಿಲು ಬೀಳದಿರಲಿ ಅಂತ ಅದೇ ಹೊಲದ ಒಣಗಿದ ಆಲೂಗಡ್ಡೆ ಸೊಪ್ಪನ್ನು ಮೇಲೆ ಹೊದಿಸಿದೆವು. ನಮ್ಮಪ್ಪ ಹಾಗೇ ಮಾಡುತ್ತಿದ್ದರು, ಊರಿನವರೂ ಹಾಗೇ. ಇಪ್ಪತ್ತು ದಿನ ಆದಮೇಲೆ ಅವ್ವ ರಾಶಿ ಕೆದಕಿ, ಒಂದು ಗೆಡ್ಡೆ ಎತ್ತಿಕೊಂಡು, "ಕಣ್ಣತ್ರ ಏನೋ ಕರೀ ಪುಡಿ ಐತಲ್ಲೋ ಮಗಾ" ಅಂದಳು. ಕುಯ್ದು ನೋಡಿದರೆ ಒಳಗೆ ಸುರಂಗ, ಸುರಂಗದ ತುದಿಯಲ್ಲಿ ಬಿಳಿಚಿಕೊಂಡ ಸಣ್ಣ ಹುಳ. ಇನ್ನೊಂದು ಕುಯ್ದೆವು, ಅದೂ ಹಾಗೇ. ವ್ಯಾಪಾರಿ ಬಂದು ನಾಲ್ಕು ಗೆಡ್ಡೆ ನೋಡಿ, ಏನೂ ಹೇಳದೆ ಹೊರಟುಹೋದರು. ರಾಶಿಯಲ್ಲಿ ಅರ್ಧ ತಿಪ್ಪೆಗೆ ಹೋಯಿತು. ಅವತ್ತು ಅವ್ವ ಊಟ ಮಾಡಲಿಲ್ಲ.

ಪೇಟೆಯ ಔಷಧಿ ಅಂಗಡಿಯೊಂದರಲ್ಲಿ ಕೇಳಿದೆ. ಒಂದು ಬಾಟಲಿ ಕೊಟ್ಟು, ರಾಶಿಗೇ ಹೊಡೀರಿ ಅಂದರು. ಜನ ತಿನ್ನುವ ಗೆಡ್ಡೆಗೆ ವಿಷ ಹೊಡೆಯಲು ಮನಸ್ಸು ಬರಲಿಲ್ಲ. ಹುಳ ಇರುವುದು ಗೆಡ್ಡೆಯ ಒಳಗೆ, ಔಷಧಿ ಕೂರುವುದು ಸಿಪ್ಪೆಯ ಮೇಲೆ. ಅದು ಸಾಯುವುದಾದರೂ ಹೇಗೆ, ಅಲ್ವಾ?

ಆಮೇಲೆ ತಿಳಿದವರನ್ನು ಕೇಳಿದಾಗ ಗೊತ್ತಾಯಿತು, ನಾವು ಹೊದಿಸಿದ ಸೊಪ್ಪಿನಲ್ಲೇ ಹುಳ ಇತ್ತು. ಈ ಹುಳವೇ ಬೆಳೆದು ಪತಂಗವಾಗುತ್ತದೆ. ಆ ಪತಂಗ ಎಲೆಯ ಮೇಲೂ ಮೊಟ್ಟೆ ಇಡುತ್ತದೆ, ಹೊರಗೆ ಕಾಣುವ ಗೆಡ್ಡೆಯ ಕಣ್ಣಿನ ಹತ್ತಿರವೂ ಇಡುತ್ತದೆ. ಎಲೆಯೊಳಗೆ ಮೇಯುತ್ತಿದ್ದ ಹುಳ, ಸೊಪ್ಪು ಒಣಗಿದ ಕೂಡಲೇ ಕೆಳಗಿರುವ ಗೆಡ್ಡೆಗೆ ಇಳಿಯುತ್ತದೆ. ನಾವೇ ಕೈಯಾರೆ ತಂದು ಹಾಕಿದಂತಾಯಿತು. ಬೆಚ್ಚಗಿನ ಹವೆಯಲ್ಲಿ ಮೂರು ನಾಲ್ಕು ವಾರಕ್ಕೆ ಒಂದು ತಲೆಮಾರು ಮುಗಿದು ಇನ್ನೊಂದು ಶುರುವಾಗುತ್ತದೆ. ನಾವು ಬೆಲೆಗಾಗಿ ಕಾದಷ್ಟು ದಿನವೂ ಅದು ರಾಶಿಯಲ್ಲಿ ಹೆಚ್ಚುತ್ತಲೇ ಇರುತ್ತದೆ.

ಈ ಹುಳ ನಮ್ಮ ನೆಲದ್ದಲ್ಲ. 1906ರಲ್ಲಿ ಇಟಲಿಯಿಂದ ತರಿಸಿದ ಬಿತ್ತನೆ ಗೆಡ್ಡೆಯ ಜೊತೆ ಭಾರತಕ್ಕೆ ಬಂತು. ನೂರು ವರ್ಷದ ಮೇಲಾಯಿತು. ಆದರೂ ಅದನ್ನು ತಡೆಯುವ ಸುಲಭದ ದಾರಿ ನನ್ನಂಥವನಿಗೆ ಗೊತ್ತಾಗಲು ಅರ್ಧ ರಾಶಿ ತಿಪ್ಪೆಗೆ ಹೋಗಬೇಕಾಯಿತು. ಇದೇ ನನ್ನ ನೋವು.

ದಾರಿಯಲ್ಲಿ ದೊಡ್ಡ ಖರ್ಚಿನದು ಯಾವುದೂ ಇಲ್ಲ. ಪತಂಗ ಮಣ್ಣು ಅಗೆದು ಒಳಗೆ ಹೋಗಲಾರದು, ಅದಕ್ಕೆ ಬಿರುಕು ಬೇಕು, ಇಲ್ಲವೇ ಹೊರಗೆ ಇಣುಕುವ ಗೆಡ್ಡೆ ಬೇಕು. ಹಾಗಾಗಿ ಬಿತ್ತುವಾಗಲೇ ಒಂದಿಷ್ಟು ಆಳಕ್ಕೆ ಹಾಕಬೇಕು. ಬಿತ್ತಿದ ಒಂದು ತಿಂಗಳಿಗೆ ಗಿಡದ ಬುಡಕ್ಕೆ ಚೆನ್ನಾಗಿ ಮಣ್ಣು ಏರಿಸಬೇಕು. ನಮ್ಮ ಕಡೆ ಜೋರು ಮಳೆ ಬಂದರೆ ದಿಂಡು ಕೊಚ್ಚಿಹೋಗಿ ಗೆಡ್ಡೆ ಹೊರಗೆ ಬೀಳುತ್ತದೆ. ಆಗ ಮತ್ತೊಂದು ಸಲ ಏರಿಸಲೇಬೇಕು. ಕೂಲಿ ಜಾಸ್ತಿ ಅಂತ ಅಲ್ಲೇ ನಾವು ಕೈ ಬಿಡುತ್ತೇವೆ. ಕೀಳುವ ಮುಂಚೆ ಸೊಪ್ಪು ಕತ್ತರಿಸಿ ಹೊಲದಿಂದ ದೂರ ಹಾಕಬೇಕು. ಕಿತ್ತ ಗೆಡ್ಡೆ ಒಂದು ರಾತ್ರಿಯೂ ಹೊಲದಲ್ಲಿ ಬಿದ್ದಿರಬಾರದು, ಏಕೆಂದರೆ ಪತಂಗ ಹಾರಾಡುವುದೇ ಮುಸ್ಸಂಜೆಯ ಮೇಲೆ. ರಾಶಿ ಹಾಕಲೇಬೇಕಾದರೆ ಕೆಳಗೂ ಮೇಲೂ ಬೇವಿನ ಸೊಪ್ಪು, ಲಂಟಾನ ಇಲ್ಲವೇ ನೀಲಗಿರಿ ಎಲೆ ಹರಡಬೇಕು. ಲಂಟಾನ ನಮ್ಮ ಬೇಲಿಯಲ್ಲಿ ಸುಮ್ನೆ ಬೆಳೆದು ನಿಂತಿದೆ.

ಇನ್ನು ಮೋಹಕ ಬಲೆ, ಅಂದರೆ ಹೆಣ್ಣು ಪತಂಗದ ವಾಸನೆಯ ಲೂರ್ ಇಟ್ಟು ಗಂಡನ್ನು ಸೆಳೆದು ಹಿಡಿಯುವ ಬಲೆ. ಎಕರೆಗೆ ಎಂಟು ಸಾಕು. ಬಲೆಗೆ ಬೀಳುವುದು ಗಂಡು ಪತಂಗ ಮಾತ್ರ, ಬಲೆಯೊಂದರಿಂದಲೇ ಹುಳ ಮುಗಿಯುವುದಿಲ್ಲ. ಆದರೆ ಪತಂಗ ಯಾವ ವಾರ ಬಂತು, ಎಷ್ಟು ಬಂತು ಅಂತ ಕಣ್ಣಿಗೆ ಕಾಣುತ್ತದೆ. ಆಗ ಯಾವಾಗ ಮಣ್ಣು ಏರಿಸಬೇಕು, ಕೀಳುವ ಕೆಲಸ ಎಷ್ಟು ಬೇಗ ಮುಗಿಸಬೇಕು ಅನ್ನುವುದು ತಾನಾಗೇ ಗೊತ್ತಾಗುತ್ತದೆ.

ಹುಳದ ವಿಷಯದಲ್ಲಿ ಹೊತ್ತು ನೋಡಿ ಕೆಲಸ ಮಾಡುವುದು ಎಷ್ಟು ಮುಖ್ಯ ಅನ್ನುವುದಕ್ಕೆ ಆ ಪಂಜಾಬಿನ ಗೆಡ್ಡೆಯೇ ಸಾಕ್ಷಿ. ನಾವು ಅಲ್ಲಿಂದ ಯಾಕೆ ತರಿಸುತ್ತೇವೆ? ನಮ್ಮ ಬೆಚ್ಚಗಿನ ಹವೆಯಲ್ಲಿ ಗಿಡಹೇನು ಸುಲಭವಾಗಿ ಬೆಳೆಯುತ್ತದೆ, ಅದು ನಂಜು (ವೈರಸ್) ರೋಗ ಹರಡುತ್ತದೆ. ಹಾಗಾಗಿ ನಮ್ಮ ಗೆಡ್ಡೆಯನ್ನೇ ವರ್ಷ ವರ್ಷ ಬಿತ್ತಿದರೆ ಇಳುವರಿ ಕುಗ್ಗುತ್ತದೆ. ಪಂಜಾಬಿನ ಬಯಲಲ್ಲಿ ಚಳಿಯ ಕೆಲವು ತಿಂಗಳು ಹೇನಿನ ಕಾಟ ತೀರಾ ಕಡಿಮೆ. ಅಲ್ಲಿನ ಬಿತ್ತನೆ ಬೆಳೆಗಾರರು ಜನವರಿಯಲ್ಲಿ ಹೇನು ಏರುವ ಮುಂಚೆಯೇ ಸೊಪ್ಪು ಕತ್ತರಿಸಿಬಿಡುತ್ತಾರೆ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಕಲಿಸಿದ ವಿದ್ಯೆ ಅದು. ಬಿತ್ತನೆ ಬೆಳೆಯುವವರಿಗೆ ಅಷ್ಟು ಅಚ್ಚುಕಟ್ಟಾಗಿ ತಲುಪಿದ ತಿಳಿವಳಿಕೆ ನಮಗೂ ತಲುಪಬೇಡವೇ?

ನಮಗೆ ಗೊತ್ತಿದ್ದದ್ದು ಫೋರೇಟ್ ಅನ್ನುವ ಕೀಟನಾಶಕದ ಹರಳು. ಬಿತ್ತುವಾಗ ಸಾಲಿಗೆ ಸುರಿದರೆ ಮುಗಿಯಿತು ಅಂದುಕೊಂಡಿದ್ದೆವು. ಬರಿಗೈಯಲ್ಲಿ ಸುರಿದವರನ್ನು ನಾನೇ ನೋಡಿದ್ದೇನೆ. ಅಷ್ಟು ಘೋರ ವಿಷ ಅದು. 2020ರ ಕೊನೆಗೆ ದೇಶದಲ್ಲಿ ಅದರ ಬಳಕೆ ನಿಷೇಧವಾಯಿತು. ಒಳ್ಳೆಯದೇ ಆಯಿತು. ಆದರೆ ಅದರ ಜಾಗದಲ್ಲಿ ಏನು ಮಾಡಬೇಕು ಅಂತ ನಮ್ಮೂರಿಗೆ ಬಂದು ಹೇಳಿದವರಿಲ್ಲ. ಹಾಗಾಗಿ ಅಂಗಡಿಯವರು ಕೊಟ್ಟ ಎರಡು ಮೂರು ಔಷಧಿ ಒಂದೇ ಡ್ರಮ್ಮಿಗೆ ಬೆರೆಸಿ ಹೊಡೆಯುತ್ತಿದ್ದೇವೆ. ಹೇನು ತಿನ್ನುವ ಗುಲಗಂಜಿ ಹುಳುವೂ ಅದರಲ್ಲೇ ಸಾಯುತ್ತದೆ.

ತೋಟಗಾರಿಕೆ ಇಲಾಖೆಯವರಲ್ಲಿ ನನ್ನ ಬೇಡಿಕೆ ಇಷ್ಟೇ. ಬಿತ್ತನೆ ಗೆಡ್ಡೆ ಮಾರುವ ಜಾಗದಲ್ಲೇ, ಮೇ ತಿಂಗಳಲ್ಲೇ, ಬಲೆ ಮತ್ತು ಅದರ ಲೂರ್ ಕಡಿಮೆ ದರಕ್ಕೆ ಸಿಗುವಂತೆ ಮಾಡಿ. ಈ ಪತಂಗದ ಮೊಟ್ಟೆಯಲ್ಲೇ ತನ್ನ ಮೊಟ್ಟೆ ಇಟ್ಟು, ಅದರಿಂದ ಹೊರಬರುವ ಹುಳವನ್ನು ಮುಗಿಸುವ ಕೊಪಿಡೋಸೋಮ ಅನ್ನುವ ಸಣ್ಣ ಕಣಜ ಇದೆ. ಕೀಟಗಳ ಅಧ್ಯಯನಕ್ಕೆಂದೇ ಬೆಂಗಳೂರಿನ ಹೆಬ್ಬಾಳದಲ್ಲಿ ರಾಷ್ಟ್ರೀಯ ಸಂಸ್ಥೆ ಇದೆ. ಅವರೊಂದಿಗೆ ಮಾತಾಡಿ, ಆ ಕಣಜವನ್ನು ನಮ್ಮ ಹೊಲಗಳಿಗೆ ತರಬಹುದೇ ನೋಡಿ. ತರಬೇತಿಯನ್ನು ತಾಲ್ಲೂಕು ಕಚೇರಿಯ ಸಭಾಂಗಣದಲ್ಲಿ ಇಡಬೇಡಿ. ಮಣ್ಣು ಏರಿಸುವ ವಾರ ಹೊಲಕ್ಕೇ ಬನ್ನಿ. ಏರಿಸುವವರು, ಆಯುವವರು, ಚೀಲಕ್ಕೆ ತುಂಬುವವರು ಬಹುಪಾಲು ಹೆಂಗಸರು. ಗೆಡ್ಡೆಯ ಕಣ್ಣಲ್ಲಿ ಕರಿ ಪುಡಿ ಮೊದಲು ಕಾಣುವುದು ಅವರಿಗೇ. ಅವರನ್ನು ಕೂರಿಸಿಕೊಂಡು ಹೇಳಿ.

ಇಂತಿ,
ಒಬ್ಬ ಆಲೂಗಡ್ಡೆ ಬೆಳೆಗಾರ
ಹಾಸನ ತಾಲ್ಲೂಕು